ಹಳೆಯ ಕಾರಿನ ಎಡಬದಿಯ ಎಂಜಿನ್ ಮೌಂಟ್ ಪದೇ ಪದೇ ಹರಿಯುತ್ತಿದೆ. ಸರಪಳಿ ಹಾಕಿ ಎಂಜಿನ್ ಏಳದಂತೆ ಹಿಡಿಯಬಹುದೇ?

ಹಿಂಚಕ್ರಗಳಿಂದ ಓಡುವ ನಿಮ್ಮ ಹಳೆಯ ಕಾರಿನಲ್ಲಿ ಎಡಬದಿಯ ಮೌಂಟ್, ಅಂದರೆ ಎಂಜಿನ್ನನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ ರಬ್ಬರ್ ಆಧಾರ, ಎರಡನೆಯ ಸಲ ಹರಿದಿದೆ ಎಂದಿದ್ದೀರಿ. ಸರಪಳಿಯನ್ನು ಧಾರಾಳವಾಗಿ ಹಾಕಬಹುದು. ಆದರೆ ಅದು ಮೌಂಟ್ ಹರಿದ ದಿನಕ್ಕೆ ಇರುವ ಕಾವಲು. ಮೌಂಟಿನ ಕೆಲಸವನ್ನು ಅದರಿಂದ ಮಾಡಿಸಬಾರದು.

ಎಂಜಿನ್ ಉದ್ದಕ್ಕೆ ಕುಳಿತಿರುವ ಹೆಚ್ಚಿನ ಕಾರುಗಳಲ್ಲಿ ಕ್ರ್ಯಾಂಕ್‌ಶಾಫ್ಟ್ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡ), ಮುಂದಿನಿಂದ ನೋಡಿದರೆ, ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಎಂಜಿನ್ನಿನ ಒಡಲು ಅದಕ್ಕೆ ವಿರುದ್ಧವಾಗಿ ವಾಲುವುದರಿಂದ ಕಾರಿನ ಎಡಬದಿ ಮೇಲೇಳುತ್ತದೆ, ಬಲಬದಿ ಕೆಳಗೆ ಒತ್ತುತ್ತದೆ. ಲೋಹದ ತಗಡಿಗೆ ಬೆಸೆದ ರಬ್ಬರ್ ಒತ್ತಡವನ್ನು ತಾಳಿಕೊಳ್ಳುವಷ್ಟು ಎಳೆತವನ್ನು ತಾಳಿಕೊಳ್ಳುವುದಿಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಘಟಕವಾಗಿರುವುದರಿಂದ, 200 ನ್ಯೂಟನ್ ಮೀಟರ್ ಟಾರ್ಕ್ (ತಿರುಚುಬಲ) ಕೊಡುವ ಎಂಜಿನ್ 3.5 ಅನುಪಾತದ ಮೊದಲ ಗೇರಿನಲ್ಲಿ ಎಳೆದಾಗ ಮೌಂಟ್‌ಗಳು ತಡೆಯಬೇಕಾದದ್ದು 700 ನ್ಯೂಟನ್ ಮೀಟರ್ ತಿರುಚುಬಲವನ್ನು. ಕ್ಲಚ್ಚನ್ನು ಥಟ್ಟನೆ ಬಿಡುವ ಅಭ್ಯಾಸವಿದ್ದರೆ ಪೆಟ್ಟು ಇನ್ನೂ ಜೋರು.

ಇದು ಬರಿಯ ಸದ್ದಿನ ವಿಷಯವಲ್ಲ. 1971ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸುಮಾರು 67 ಲಕ್ಷ ವಾಹನಗಳನ್ನು, ಅವುಗಳಲ್ಲಿ ಹೆಚ್ಚಿನವು 1960ರ ದಶಕದ ಷೆವರ್ಲೆಗಳು, ಹಿಂದಕ್ಕೆ ಕರೆಸಬೇಕಾಯಿತು. ಮೌಂಟ್ ಹರಿದಾಗ ಎಂಜಿನ್ ಮೇಲೆದ್ದು ಆಕ್ಸಲರೇಟರಿನ ಕೊಂಡಿಯನ್ನು ಎಳೆದು, ಥ್ರಾಟಲ್ ತೆರೆದೇ ಉಳಿಯುವ ಅಪಾಯವಿತ್ತು. ಪರಿಹಾರವಾಗಿ ಹಾಕಿಕೊಟ್ಟದ್ದು ಎಂಜಿನ್ ಏಳದಂತೆ ತಡೆಯುವ ಉಕ್ಕಿನ ಕೇಬಲ್ಲನ್ನೇ.

ಹೊಸ ಮೌಂಟ್ ಕೂಡ ಬೇಗ ಹಾಳಾಗಿದ್ದರೆ ಮೇಲಿನಿಂದ ಎಣ್ಣೆ ಸೋರುತ್ತಿದೆಯೇ ನೋಡಿ. ನನ್ನ ಕಾರಿನಲ್ಲಿ ಟ್ಯಾಪೆಟ್ ಕವರ್ (ಎಂಜಿನ್ನಿನ ಮೇಲ್ಮುಚ್ಚಳ) ಗ್ಯಾಸ್ಕೆಟ್ಟಿನಿಂದ ಇಳಿದ ಎಣ್ಣೆ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸಿತ್ತು. ಸೋರಿಕೆ ನಿಲ್ಲಿಸುವ ಮೊದಲು ನಾನೂ ಎರಡು ಮೌಂಟ್ ಕಳೆದುಕೊಂಡೆ. ಗೇರ್‌ಬಾಕ್ಸಿನ ಮೌಂಟ್ ಕುಸಿದಿದ್ದರೆ ಅದರ ಪಾಲಿನ ಭಾರವೂ ಎಂಜಿನ್ನಿನ ಎಡ ಬಲ ಮೌಂಟ್‌ಗಳ ಮೇಲೆ ಬೀಳುತ್ತದೆ, ಹಾಗಾಗಿ ಮೂರನ್ನೂ ಒಟ್ಟಿಗೆ ಬದಲಿಸುವುದು ಒಳ್ಳೆಯದು. ಪಾಲಿಯುರೆಥೇನ್ ಮೌಂಟ್ ಎಣ್ಣೆಗೆ ಬಗ್ಗುವುದಿಲ್ಲ, ಆದರೆ ಕಂಪನವನ್ನು ಒಳಗೆ ತರುತ್ತದೆ. ದಿನನಿತ್ಯ ಓಡಿಸುವ ಕಾರಿಗೆ ನಾನು ರಬ್ಬರನ್ನೇ ಆರಿಸುತ್ತೇನೆ.

ಸರಪಳಿಯನ್ನು ಎಡಬದಿಗೆ, ಎಂಜಿನ್ ಬ್ಲಾಕ್ ಅಥವಾ ಹೆಡ್ಡಿನಲ್ಲಿರುವ ಗಟ್ಟಿ ಬೋಲ್ಟಿನಿಂದ ಚಾಸಿಗೆ (ಕಾರಿನ ಚೌಕಟ್ಟಿಗೆ) ಕಟ್ಟಿ. ತೆಳು ತಗಡಿಗೆ ಕಟ್ಟಿದರೆ ಅದು ಹರಿದು ಬರುತ್ತದೆ. ಎಂಜಿನ್ ಸುಮ್ಮನೆ ಕುಳಿತಿರುವಾಗ ಸುಮಾರು ಒಂದು ಸೆಂಟಿಮೀಟರ್ ಸಡಿಲ ಬಿಡಿ. ಬಿಗಿದು ಕಟ್ಟಿದರೆ ರಬ್ಬರ್ ನುಂಗಬೇಕಾದ ಕಂಪನವೆಲ್ಲ ಸರಪಳಿಯ ಮೂಲಕ ಚಾಸಿಗೆ ಇಳಿಯುತ್ತದೆ. ಕೆಲವು ತಿಂಗಳ ಬಳಿಕ ಕೊಂಡಿಗಳ ಮೇಲೆ ಹೊಸದಾಗಿ ಉಜ್ಜಿದ ಹೊಳಪು ಕಂಡರೆ, ಮೊದಲು ಎಡಬದಿಯ ಮೌಂಟನ್ನೇ ಬಿಚ್ಚಿ ನೋಡಿ.