ರೂಪಾಯಿಯಲ್ಲೇ ಕೊಟ್ಟೆ, ಆದರೂ ಫೀಸು ಯಾಕೆ?

ಪ್ರಶ್ನೆ: ಮೊಮ್ಮಗಳಿಗೆ ಅಂತ ಲಂಡನ್ನಿನ ಒಂದು ಆನ್‌ಲೈನ್ ಅಂಗಡಿಯಿಂದ ಬಣ್ಣದ ಪೆಟ್ಟಿಗೆ ತರಿಸಿದೆ. ಬೆಲೆ 10,000 ರೂಪಾಯಿ ಅಂತಲೇ ತೋರಿಸಿತ್ತು, ನಾನೂ ರೂಪಾಯಿಯಲ್ಲೇ ಕೊಟ್ಟೆ. ಕಾರ್ಡಿನ ಬಿಲ್ ಬಂದಾಗ ನೋಡಿದರೆ ಕೆಳಗೆ 100 ರೂಪಾಯಿ, ಅದರ ಕೆಳಗೆ ಇನ್ನೊಂದು 18 ರೂಪಾಯಿ ಹಿಡಿದಿದ್ದಾರೆ. ಪೌಂಡಿನಲ್ಲಿ ಕೊಡಬೇಕಿತ್ತು ಅಂತ ಮಗ ಹೇಳುತ್ತಾನೆ. ಆಗ ಇನ್ನೂ ಜಾಸ್ತಿ ಹಿಡಿಯುತ್ತಿದ್ದರು, ಅಲ್ವಾ?
(ಓದುಗರೊಬ್ಬರು, ಡೊಂಬಿವಲಿ)

ಫೀಸು ಜಾಸ್ತಿ ಹಿಡಿಯುತ್ತಿದ್ದರು, ನಿಜ. ಆದರೂ ಒಟ್ಟು ಖರ್ಚು ಕಮ್ಮಿ ಆಗುವ ಸಾಧ್ಯತೆಯೇ ಹೆಚ್ಚು. ಹೇಗೆ ಅಂತ ಹೇಳುತ್ತೇನೆ.

ಬೆಲೆ ಯಾವ ಹಣದಲ್ಲಿ ಕಾಣುತ್ತದೆ ಅನ್ನುವುದೊಂದನ್ನೇ ಬ್ಯಾಂಕು ನೋಡುವುದಿಲ್ಲ. ಅಂಗಡಿ ಯಾವ ದೇಶದಲ್ಲಿ ನೋಂದಣಿ ಆಗಿದೆ ಅಂತಲೂ ನೋಡುತ್ತದೆ. ಅಂಗಡಿ ಬ್ರಿಟನ್ನಿನದು, ಹಾಗಾಗಿ ರೂಪಾಯಿಯಲ್ಲಿ ಕೊಟ್ಟರೂ ಅದು ಇಂಟರ್‌ನ್ಯಾಷನಲ್ ವ್ಯವಹಾರವೇ. ಇದಕ್ಕೆ ನಿಮ್ಮ ಬ್ಯಾಂಕು 1% ಹಿಡಿದಿದೆ. ಆ ಫೀಸಿನ ಮೇಲೆ 18% ಜಿಎಸ್‌ಟಿ. ಅದೇ ನಿಮ್ಮ 118 ರೂಪಾಯಿ.

ಆದರೆ ದೊಡ್ಡ ಪೆಟ್ಟು ಬಿದ್ದಿರುವುದು ಈ 118ರಲ್ಲಿ ಅಲ್ಲ, ಆ 10,000ದ ಒಳಗೇ. ಪೌಂಡಿನ ಬೆಲೆಯನ್ನು ರೂಪಾಯಿಗೆ ಬದಲಿಸಿದ್ದು ಅಂಗಡಿಯವರು, ಅಥವಾ ಅವರ ಪೇಮೆಂಟ್ ಕಂಪನಿ. ದರ ಅವರದ್ದೇ, ಅದರಲ್ಲಿ ಅವರ ಲಾಭವೂ ಸೇರಿರುತ್ತದೆ. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್, ಅಂದರೆ ಡಿಸಿಸಿ ಅನ್ನುತ್ತಾರೆ. ಬಿಲ್ಲಿನಲ್ಲಿ ಅದು ಎಲ್ಲೂ ಬೇರೆ ಸಾಲಾಗಿ ಕಾಣುವುದಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ.

ಉದಾಹರಣೆಗೆ, ನಿಮ್ಮ ಕಾರ್ಡಿನ ನೆಟ್‌ವರ್ಕ್ ಕಂಪನಿಯಾದ ವೀಸಾ ಅಥವಾ ಮಾಸ್ಟರ್‌ಕಾರ್ಡ್ ದರದಲ್ಲಿ ಅದೇ ಪೆಟ್ಟಿಗೆ 9,500 ರೂಪಾಯಿ ಆಗುತ್ತಿತ್ತು ಅಂದುಕೊಳ್ಳಿ. ಪೌಂಡಿನಲ್ಲೇ ಕೊಟ್ಟಿದ್ದರೆ ಬ್ಯಾಂಕಿನ ಮಾರ್ಕಪ್, ಅಂದರೆ ವಿದೇಶಿ ಹಣದ ವ್ಯವಹಾರಕ್ಕೆ ಅದು ಹಿಡಿಯುವ ಫೀಸು, 3.5% ಅಂದುಕೊಂಡರೆ 332 ರೂಪಾಯಿ 50 ಪೈಸೆ. ಅದರ ಮೇಲೆ ಜಿಎಸ್‌ಟಿ ಸುಮಾರು 60. ಒಟ್ಟು 9,892 ರೂಪಾಯಿ. ನೀವು ಕೊಟ್ಟಿದ್ದು 10,118. ಮಾರ್ಕಪ್ 2% ಇರುವ ಕಾರ್ಡೂ ಸಿಗುತ್ತದೆ, ಅದರಲ್ಲಾದರೆ 9,724ಕ್ಕೇ ಮುಗಿಯುತ್ತಿತ್ತು.

ಪ್ರತಿ ಸಲವೂ ಹೀಗೇ ಅಂತ ಹೇಳಲಾರೆ. ಮಾರ್ಕಪ್ 3.5%, ರೂಪಾಯಿ ಫೀಸು 1% ಇರುವ ಕಾರ್ಡಿನಲ್ಲಿ, ಅಂಗಡಿಯ ದರ ನೆಟ್‌ವರ್ಕ್ ದರಕ್ಕಿಂತ ಜಾಸ್ತಿ ಇರುವುದು ಸುಮಾರು 2.9%ಗಿಂತ ಕಮ್ಮಿಯಾದರೆ ರೂಪಾಯಿಯೇ ಅಗ್ಗ. ನೋಡದೆ ಗೊತ್ತಾಗುವುದಿಲ್ಲ. ವೀಸಾ, ಮಾಸ್ಟರ್‌ಕಾರ್ಡ್ ಎರಡರ ವೆಬ್‌ಸೈಟಿನಲ್ಲೂ ಕ್ಯಾಲ್ಕುಲೇಟರ್ ಇದೆ. ಮೊತ್ತ ಹಾಕಿ, ಬ್ಯಾಂಕಿನ ಶೇಕಡಾವಾರು ಹಾಕಿ, ಎರಡು ನಿಮಿಷದ ಕೆಲಸ. ಮುಂದಿನ ಸಲ ಹಣ ಕಟ್ಟುವ ಪುಟದಲ್ಲಿ ಬಟನ್ ಒತ್ತುವ ಮೊದಲು ಸ್ವಲ್ಪ ನಿಧಾನಿಸಿ. ಐಎನ್‌ಆರ್ (ರೂಪಾಯಿ), ಜಿಬಿಪಿ (ಪೌಂಡು) ಅಂತ ಎರಡು ಆಯ್ಕೆ ಇದ್ದರೆ ಎಷ್ಟೋ ಕಡೆ ಐಎನ್‌ಆರ್ ಮೊದಲೇ ಟಿಕ್ ಆಗಿರುತ್ತದೆ. ನಮ್ಮ ದುಡ್ಡಿನ ಹೆಸರು ಕಂಡ ತಕ್ಷಣ ನಮಗೆ ಧೈರ್ಯ ಬಂದುಬಿಡುತ್ತದೆ, ಅಲ್ಲೇ ಎಡವುವುದು. ಮಗನಿಗೆ ಅವನು ಹೇಳಿದ್ದು ಸರಿ ಅಂತ ಹೇಳಿ.

ಪ್ರಶ್ನೆ: ಅಮೆರಿಕದ ಅಂಗಡಿಗೆ ಶೂ ವಾಪಸ್ ಕಳಿಸಿದೆ. ಪೂರ್ತಿ 60 ಡಾಲರ್ ಹಿಂದಿರುಗಿಸಿದ್ದೇವೆ ಅಂತ ಅವರು ಮೇಲ್ ಹಾಕಿದ್ದಾರೆ. ನನ್ನ ಕಾರ್ಡಿಗೆ ಬಂದಿದ್ದು ಮಾತ್ರ ಕಮ್ಮಿ. ಮಿಕ್ಕಿದ್ದು ಯಾರು ನುಂಗಿದರು?
(ಓದುಗರೊಬ್ಬರು, ಕೋಥ್ರೂಡ್, ಪುಣೆ)

ನನಗೂ ಹೀಗೇ ಆಗಿತ್ತು. ಒಂದು ಬ್ಯಾಗ್ ವಾಪಸ್ ಮಾಡಿದ್ದೆ. ಎರಡೂ ತಿಂಗಳ ಬಿಲ್ ಪಕ್ಕಪಕ್ಕ ಇಟ್ಟು ಪೆನ್ಸಿಲ್ ಹಿಡಿದು ಕೂತಾಗಲೇ ಅರ್ಥ ಆಗಿದ್ದು. ಕೊಂಡ ದಿನದ ಡಾಲರ್ ದರ ಬೇರೆ, ಹಣ ವಾಪಸ್ ಬಂದ ದಿನದ ದರ ಬೇರೆ. ನಡುವೆ ಡಾಲರ್ ಇಳಿದಿದ್ದರೆ ನಿಮಗೆ ನಷ್ಟ. ಅಂಗಡಿಯವರು ಸುಳ್ಳು ಹೇಳಿಲ್ಲ, 60 ಡಾಲರ್ 60 ಡಾಲರೇ. ಇನ್ನೊಂದು, ಮಾರ್ಕಪ್ ಮತ್ತು ಅದರ ಜಿಎಸ್‌ಟಿಯನ್ನು ಎಷ್ಟೋ ಬ್ಯಾಂಕುಗಳು ವಾಪಸ್ ಕೊಡುವುದಿಲ್ಲ. ಸಾಮಾನು ಕೈಯಲ್ಲಿಲ್ಲ, ಫೀಸು ಮಾತ್ರ ಹೋಯಿತು. ಇದು ನನಗೆ ಅನ್ಯಾಯ ಅಂತಲೇ ಅನ್ನಿಸುತ್ತದೆ. ಬ್ಯಾಂಕಿಗೆ ಬರೆದು ಕೇಳಿ, ಸುಮ್ನೆ ಬಿಡಬೇಡಿ. ಕಾರ್ಡಿನ ನಿಯಮದಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಹಿಡಿದಿದ್ದು, ಬ್ಯಾಂಕಿನಿಂದ 30 ದಿನದಲ್ಲಿ ಉತ್ತರ ಬಾರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿಗೆ, ದೂರು ಕೊಡಬಹುದು. ಅದಕ್ಕೆ ಫೀಸಿಲ್ಲ.

ಪ್ರಶ್ನೆ: ಹೊಸ ಕಾರ್ಡು ಇಲ್ಲಿ ಎಲ್ಲ ಕಡೆ ನಡೆಯುತ್ತದೆ, ವಿದೇಶಿ ಅಂಗಡಿಯಲ್ಲಿ ಮಾತ್ರ ಡಿಕ್ಲೈನ್ ಆಗುತ್ತದೆ.
(ಓದುಗರೊಬ್ಬರು, ಮಡಗಾಂವ್, ಗೋವಾ)

ಕಾರ್ಡು ಕೆಟ್ಟಿಲ್ಲ. 2020ರಲ್ಲಿ ಆರ್‌ಬಿಐ ತಂದ ನಿಯಮದಂತೆ ಹೊಸ ಕಾರ್ಡಿನಲ್ಲಿ ಇಂಟರ್‌ನ್ಯಾಷನಲ್ ಬಳಕೆ ಬಂದ್ ಆಗಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿ, ಬೇಕಾದಷ್ಟೇ ಮಿತಿ ಇಡಿ. ಸಾಮಾನು ಕೊಂಡ ಮೇಲೆ ಮರೆಯದೆ ಆಫ್ ಮಾಡಿ, ಯಾಕೆಂದರೆ ಎಷ್ಟೋ ವಿದೇಶಿ ಸೈಟುಗಳಲ್ಲಿ ಓಟಿಪಿ ಕೇಳದೇ ಹಣ ಕಟ್ ಆಗುತ್ತದೆ.