ಸ್ಕ್ಯಾನ್ ಸರಿಯಿದೆ, ಮಗ ಸರಿಯಿಲ್ಲ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಹುಡುಗನಿಗೆ 9 ವರ್ಷ. ಗಾಳಿಪಟ ಹಾರಿಸುತ್ತಾ ತಾರಸಿಯಿಂದ ಬಿದ್ದಿದ್ದ. ತಲೆಬುರುಡೆಗೂ ಮೆದುಳಿನ ಹೊರಪೊರೆಗೂ ನಡುವೆ ರಕ್ತ ಹೆಪ್ಪುಗಟ್ಟಿ ಆಪರೇಷನ್ ಆಗಿತ್ತು. ಎರಡು ತಿಂಗಳಾದ ಮೇಲೆ ತಾಯಿ ನನ್ನ ಹತ್ತಿರ ಬಂದರು.

"ಸ್ಕ್ಯಾನ್ ಚೆನ್ನಾಗಿದೆ ಅಂದ್ರು ಮೇಡಂ. ಇವನು ಮಾತ್ರ ಮೊದಲಿನ ಹಾಗಿಲ್ಲ."

ಹತ್ತು ನಿಮಿಷ ಬರೆದರೆ ಡೆಸ್ಕಿನ ಮೇಲೆ ತಲೆಯಿಡುತ್ತಾನೆ. ತಂಗಿ ಜೋರಾಗಿ ಕೂಗಿದರೆ ತಟ್ಟೆ ಎಸೆಯುತ್ತಾನೆ. ಟೀಚರ್ ಇದನ್ನು ಸೋಮಾರಿತನ ಅಂದರಂತೆ. ಅಜ್ಜಿಗೆ ಇದು ಮುದ್ದು ಜಾಸ್ತಿಯಾದದ್ದರ ಫಲ.

ಅಸಲಿ ಮಾತು ಹೊರಬಂದದ್ದು ಅರ್ಧ ಗಂಟೆಯ ನಂತರ. ಬಿದ್ದವನು ಎದ್ದು ಮಾತಾಡಿದ್ದ, ನೀರು ಕುಡಿದಿದ್ದ. ಸುಸ್ತಾಗಿದೆ ಅಂತ ತಾಯಿಯೇ ಮಲಗಿಸಿದ್ದರು. ಒಂದು ಗಂಟೆ ಕಳೆದ ಮೇಲೆ ವಾಂತಿ ಶುರುವಾಯಿತು. "ಆ ಒಂದು ಗಂಟೆ ನಾನೇ ಹಾಳು ಮಾಡಿದೆ. ಅದಕ್ಕೇ ಹೀಗಾ?"

ಸಮಯ ಮುಖ್ಯವೇ, ಅದನ್ನು ನಾನು ಮುಚ್ಚಿಡಲಿಲ್ಲ. ಆದರೆ ಈ ಬಗೆಯ ರಕ್ತಸ್ರಾವದಲ್ಲಿ ಮಗು ಮೊದಲು ಚೆನ್ನಾಗಿದ್ದು ಆಮೇಲೆ ಮಂಕಾಗುವುದುಂಟು. ಎಷ್ಟೋ ಮನೆಯವರು ಇಲ್ಲೇ ಮೋಸಹೋಗುತ್ತಾರೆ. ಡಿಸ್ಚಾರ್ಜ್ ಕಾಗದ ಒಟ್ಟಿಗೆ ಓದಿದೆವು. ಆಸ್ಪತ್ರೆಗೆ ಸೇರಿಸಿದಾಗ ಎಚ್ಚರದ ಅಂಕ 15ಕ್ಕೆ 13 (15 ಅಂದರೆ ಪೂರ್ತಿ ಎಚ್ಚರ). ಎರಡೂ ಕಣ್ಣಿನ ಪಾಪೆ ಬೆಳಕಿಗೆ ಸ್ಪಂದಿಸುತ್ತಿದ್ದವು. ಬಿಪಿ, ಆಕ್ಸಿಜನ್ ಇಳಿದಿರಲಿಲ್ಲ. ಇವೆಲ್ಲ ಚೇತರಿಕೆಯ ಪರವಾಗಿರುವ ಅಂಶಗಳೇ. ಎರಡನೇ ಪುಟದಲ್ಲಿ ಇನ್ನೊಂದು ಸಾಲಿತ್ತು: ಹಣೆಯ ಹಿಂದಿನ ಮೆದುಳಿಗೆ ಸಣ್ಣ ಜಜ್ಜುಗಾಯ. ಗಮನ ಕೊಡುವುದು, ಕೋಪ ತಡೆಯುವುದು ಆ ಭಾಗದ ಕೆಲಸ. ಈ ಸಾಲನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

"ಚಿಕ್ಕವರ ಮೆದುಳು ಬೇಗ ಸರಿಹೋಗುತ್ತೆ ಅಂತಾರಲ್ಲ?" ಅರ್ಧ ನಿಜ, ಎಂದೆ. ಕಲಿತದ್ದು ಬಹುಪಾಲು ಉಳಿಯುತ್ತದೆ. ಇನ್ನೂ ಕಲಿಯಬೇಕಾದದ್ದರಲ್ಲಿ ತೊಡಕಾಗಬಹುದು, ಅದು ಪಾಠ ಕಷ್ಟವಾಗುವ ದೊಡ್ಡ ತರಗತಿಯಲ್ಲೂ ಕಾಣಿಸಬಹುದು. ಅದಕ್ಕೇ ಗಮನ, ನೆನಪಿನ ಪರೀಕ್ಷೆಗೆ ನ್ಯೂರೋಸೈಕಾಲಜಿಸ್ಟ್ ಹತ್ತಿರ ಕಳಿಸಿದೆ.

ಸದ್ಯಕ್ಕೆ ಅರ್ಧ ದಿನ ಸ್ಕೂಲು, ಮುಂದಿನ ಬೆಂಚು, ಕಡಿಮೆ ಬರವಣಿಗೆ. ರಾತ್ರಿ ನಿದ್ದೆಗೆ ಒಂದೇ ಹೊತ್ತು. ಸರ್ಜನ್ ಒಪ್ಪುವವರೆಗೆ ಸೈಕಲ್, ಕ್ರಿಕೆಟ್ ಬೇಡ, ಇನ್ನೊಂದು ಪೆಟ್ಟು ಬೀಳಬಾರದು. ಫಿಟ್ಸ್, ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಮಂಪರು ಕಂಡರೆ ನನಗೆ ಫೋನ್ ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಿ ಎಂದೆ. ಟೀಚರಿಗೆ ಕೊಡಲು ಒಂದು ಪತ್ರ ಬರೆದುಕೊಟ್ಟೆ.

ಮನೆಯ ವಾತಾವರಣವೂ ಚೇತರಿಕೆಗೆ ಲೆಕ್ಕಕ್ಕೆ ಬರುತ್ತದೆ. ಮುಂದಿನ ಸಲ ಅಜ್ಜಿಯನ್ನೂ ಕರೆಸಿದೆ. ಜಜ್ಜುಗಾಯದ ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. "ಹಾಗಾದ್ರೆ ಅವನು ಬೇಕಂತ ಎಸೀತಿಲ್ಲ, ಅಲ್ವಾ?" ಎಂದರು. ಸೊಸೆಯ ಕಡೆ ಮಾತ್ರ ಇನ್ನೂ ನೋಡಿರಲಿಲ್ಲ.