ಫುಟ್‌ಬಾಲ್ ಆಟಗಾರರಾಗಿದ್ದು ಕುಸ್ತಿಯಲ್ಲಿ ದೊಡ್ಡ ಹೆಸರು ಮಾಡಿದವರು ಯಾರು?
ಗೋಲ್ಡ್‌ಬರ್ಗ್, ರೋಮನ್ ರೇನ್ಸ್ ಹೆಸರು ಎಲ್ಲರೂ ಹೇಳುತ್ತಾರೆ. ನನ್ನ ಉತ್ತರ ರಾನ್ ಸಿಮನ್ಸ್. ಕೇಬಲ್ ಟಿವಿಯಲ್ಲಿ ಡಬ್ಲ್ಯೂಡಬ್ಲ್ಯೂಎಫ್ ನೋಡಿ ಬೆಳೆದವರಿಗೆ ಫಾರೂಕ್ ಅಂದರೆ ನೆನಪಾದೀತು. ಬ್ರ್ಯಾಡ್‌ಶಾ ಜೊತೆ ಜೋಡಿ ಕಟ್ಟಿದ್ದರಲ್ಲ, ಅವರೇ. ಆದರೆ ಅವರ ದೊಡ್ಡ ದಿನಗಳು ಅದಕ್ಕೂ ಮುಂಚಿನವು.

ನಾನು ಹೇಳುತ್ತಿರುವುದು ಅಮೆರಿಕನ್ ಫುಟ್‌ಬಾಲ್ ಬಗ್ಗೆ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ತಂಡದಲ್ಲಿ ಸಿಮನ್ಸ್ ಆಡುತ್ತಿದ್ದ ಜಾಗ ನೋಸ್ ಗಾರ್ಡ್. ರಕ್ಷಣಾ ಸಾಲಿನ ನಟ್ಟನಡುವೆ ಬಗ್ಗಿ, ಒಂದು ಕೈ ನೆಲಕ್ಕೂರಿ ನಿಂತು, ಚೆಂಡು ಕದಲಿದ ಕ್ಷಣವೇ ಎದುರಿನವರ ಮೇಲೆ ನುಗ್ಗಬೇಕು. ಟಿವಿ ಕ್ಯಾಮೆರಾ ಅತ್ತ ತಿರುಗುವುದೇ ಅಪರೂಪ. ಅಂಥ ಜಾಗದಲ್ಲಿ ಆಡಿಯೂ 1979ರಲ್ಲಿ, ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಮತದಾನದಲ್ಲಿ ಒಂಬತ್ತನೆಯವರಾದರು! 1988ರಲ್ಲಿ ವಿಶ್ವವಿದ್ಯಾಲಯ ಅವರ 50ನೇ ನಂಬರಿನ ಜೆರ್ಸಿಗೆ ನಿವೃತ್ತಿ ಕೊಟ್ಟಿತು, ಅಂದರೆ ಅವರ ಗೌರವಾರ್ಥ ಆ ನಂಬರನ್ನು ಎತ್ತಿಟ್ಟಿತು.

ವೃತ್ತಿಪರ ಆಟ ಅಷ್ಟು ಕೈಹಿಡಿಯಲಿಲ್ಲ. 1981ರಲ್ಲಿ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವಾಗ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಅವರನ್ನು ಆರನೇ ಸುತ್ತಿನಲ್ಲಿ ಆರಿಸಿಕೊಂಡಿತು. ಆಮೇಲೆ ಟ್ಯಾಂಪಾ ಬೇ ಬ್ಯಾಂಡಿಟ್ಸ್ ಎಂಬ ತಂಡದ ಪರ ಆಡಿದರು. ಅಲ್ಲಿಂದ ಕುಸ್ತಿಗೆ ಬಂದರು.

1992ರ ಆಗಸ್ಟ್ 2, ಬಾಲ್ಟಿಮೋರ್. ಚಾಂಪಿಯನ್ ವೇಡರ್ ಎದುರು ಅಂದು ಸ್ಟಿಂಗ್ ಎಂಬ ಕುಸ್ತಿಪಟು ಆಡಬೇಕಿತ್ತು. ಸ್ಟಿಂಗ್‌ಗೆ ಪೆಟ್ಟಾಗಿದೆ ಎಂದು ಬದಲಿ ಎದುರಾಳಿಗಾಗಿ ಚೀಟಿ ಎತ್ತಿದಾಗ ಬಂದದ್ದು ಸಿಮನ್ಸ್ ಹೆಸರು. ಅವರು ವೇಡರ್‌ನನ್ನು ಎತ್ತಿ ನೆಲಕ್ಕೆ ಅಪ್ಪಳಿಸಿ ಗೆದ್ದರು, ಡಬ್ಲ್ಯೂಡಬ್ಲ್ಯೂಎಫ್‌ನ ಪ್ರತಿಸ್ಪರ್ಧಿ ಕುಸ್ತಿ ಸಂಸ್ಥೆಯಾಗಿದ್ದ ಡಬ್ಲ್ಯೂಸಿಡಬ್ಲ್ಯೂನ ವಿಶ್ವ ಹೆವಿವೇಟ್ ಪಟ್ಟಕ್ಕೇರಿದ ಮೊದಲ ಕಪ್ಪುವರ್ಣೀಯರಾದರು. ವೇಡರ್ ಕೂಡ ಫುಟ್‌ಬಾಲ್‌ನಿಂದಲೇ ಬಂದವರು. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆಡಿದ್ದ ಅವರನ್ನು 1978ರಲ್ಲಿ ವೃತ್ತಿಪರ ತಂಡ ಲಾಸ್ ಏಂಜಲೀಸ್ ರ‍್ಯಾಮ್ಸ್ ಆರಿಸಿಕೊಂಡಿತ್ತು. ಅಂಥ ಭಾರಿ ಮೈಯನ್ನು ಎತ್ತುವುದಕ್ಕೆ ಬೇಕಾದ ಸೊಂಟದ ಬಲ, ಮೊದಲ ಹೆಜ್ಜೆಯ ವೇಗ, ಎರಡೂ ಆ ರಕ್ಷಣಾ ಸಾಲಿನಲ್ಲಿ ಕಲಿತದ್ದು ಎಂದೇ ನನ್ನ ನಂಬಿಕೆ.

ಫಲಿತಾಂಶ ಮೊದಲೇ ನಿರ್ಧಾರವಾಗಿರುತ್ತದಲ್ಲ ಎಂದು ನೀವು ಕೇಳಬಹುದು. ಹೌದು, ಆಗಿರುತ್ತದೆ. ಆದರೆ ಆ ಪಟ್ಟಕ್ಕೆ ಒಬ್ಬ ಕಪ್ಪುವರ್ಣೀಯನನ್ನು ಏರಿಸಬೇಕೆಂಬ ನಿರ್ಧಾರ ಅಲ್ಲಿಯವರೆಗೆ ಆಗಿಯೇ ಇರಲಿಲ್ಲ. ಆ ಪಂದ್ಯದ ವಿಡಿಯೊ ಸಿಕ್ಕರೆ ಕೊನೆಯ ನಿಮಿಷಗಳನ್ನು ತಪ್ಪದೆ ನೋಡಿ, ಜನ ಕುಣಿದಾಡುವುದನ್ನೂ ಸೇರಿಸಿ.